ನಾಲ್ಕು ತಂತಿ, ನಾಲ್ಕು ಸ್ವರ: ಉಕುಲೇಲೆಯಲ್ಲಿ ಮೇಜರ್ ಸೆವೆಂತ್ ಕಾರ್ಡ್

ಪಾಶ್ಚಾತ್ಯ ಸಂಗೀತದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಹುಟ್ಟುವ ನಾದಸಮೂಹವನ್ನು ಕಾರ್ಡ್ ಎನ್ನುತ್ತಾರೆ. ಇಂಥ ಕಾರ್ಡ್‌ಗಳಲ್ಲಿ ಮೇಜರ್ ಸೆವೆಂತ್ ಎಂಬುದು ನಾಲ್ಕು ಬೇರೆಬೇರೆ ಸ್ವರಗಳಿಂದ ಕೂಡಿದ್ದು, ಉಕುಲೇಲೆಯಾದರೋ ನಾಲ್ಕೇ ತಂತಿಗಳ ವಾದ್ಯ. ಆರು ತಂತಿಗಳ ಗಿಟಾರಿನಲ್ಲಿ ಈ ಕಾರ್ಡನ್ನು ಹಿಡಿದಾಗ ಯಾವುದಾದರೂ ಸ್ವರ ಎರಡು ಸಲ ಕೇಳಿಸಬಹುದು, ಒಂದು ತಂತಿ ಮೂಕವಾದರೂ ಕಾರ್ಡು ಉಳಿದುಕೊಳ್ಳಬಹುದು; ಉಕುಲೇಲೆಯಲ್ಲಿ ಮಾತ್ರ ತಂತಿಗೊಂದು ಸ್ವರ, ಸ್ವರಕ್ಕೊಂದು ತಂತಿ ಎಂಬ ಲೆಕ್ಕ ಸರಿಯಾಗಿ ಕೂಡಿಬರುವುದರಿಂದ, ಒಂದೇ ಒಂದು ತಂತಿ ತಪ್ಪಿದರೂ ಕಾರ್ಡಿನ ಗುರುತು ಬದಲಾಗಿಬಿಡುತ್ತದೆ. ಆದುದರಿಂದ ಈ ವಾದ್ಯದಲ್ಲಿ ಮೇಜರ್ ಸೆವೆಂತ್ ಕಲಿಯಲು ಬೆರಳಿನ ನಕ್ಷೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಈಗಾಗಲೇ ಪರಿಚಿತವಾದ ಸರಳ ಮೇಜರ್ ಕಾರ್ಡಿನಲ್ಲಿ ಯಾವ ಸ್ವರ ಎರಡು ಸಲ ಬಂದಿದೆ ಎಂಬುದನ್ನು ಕಂಡುಕೊಂಡು, ಆ ಎರಡರಲ್ಲಿ ಒಂದನ್ನು ಸ್ಥಳಾಂತರಿಸುವುದೇ ಹೆಚ್ಚು ಸುಲಭವಾದ ಮತ್ತು ಹೆಚ್ಚು ಕಾಲ ಉಪಯೋಗಕ್ಕೆ ಬರುವ ದಾರಿ.

ವಾದ್ಯ ಮತ್ತು ಅದರ ಶ್ರುತಿ

ಉಕುಲೇಲೆ ಹವಾಯಿ ದ್ವೀಪಗಳಲ್ಲಿ ರೂಪುಗೊಂಡ ವಾದ್ಯವಾದರೂ ಅದರ ಬೇರುಗಳಿರುವುದು ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದಲ್ಲಿ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನೊಲುಲುವನ್ನು ತಲುಪಿದಾಗ, ಕಬ್ಬಿನ ತೋಟಗಳ ದುಡಿಮೆಗೆಂದು ಅದರಲ್ಲಿ ಬಂದಿಳಿದ ಮದೀರಾದ ಜನರ ನಡುವೆ ಮ್ಯಾನುಯೆಲ್ ನುನೆಸ್, ಆಗಸ್ಟೊ ಡಿಯಾಸ್ ಮತ್ತು ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರಿದ್ದರು. ತಮ್ಮ ನಾಡಿನ ಮಶೆಟಿ ಮತ್ತು ರಜಾವೊ ಎಂಬ ಸಣ್ಣ ತಂತಿವಾದ್ಯಗಳ ಲಕ್ಷಣಗಳನ್ನು ಬೆರೆಸಿ, ಹವಾಯಿಯ ಕೋವಾ ಮರದಲ್ಲಿ ಇವರು ತಯಾರಿಸತೊಡಗಿದ ಪುಟ್ಟ ವಾದ್ಯಕ್ಕೆ ಅಂದಿನ ದೊರೆ ಕಲಾಕೌವನ ಪ್ರೋತ್ಸಾಹ ದೊರೆತು ಅದು ದ್ವೀಪದ ಹಾಡು-ಕುಣಿತಗಳ ಭಾಗವಾಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ಪ್ರದರ್ಶನದ ಮೂಲಕ ಅಮೆರಿಕದ ಮುಖ್ಯಭೂಮಿಯಲ್ಲೂ ಜನಪ್ರಿಯವಾಯಿತು.

ಇಂದು ಸೊಪ್ರಾನೊ, ಕಾನ್ಸರ್ಟ್ ಮತ್ತು ಟೆನರ್ ಎಂಬ ಮೂರು ಅಳತೆಯ ಉಕುಲೇಲೆಗಳನ್ನು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಶ್ರುತಿ ಮಾಡುತ್ತಾರೆ. ವಾದ್ಯವನ್ನು ಎದೆಗೊತ್ತಿ ಹಿಡಿದಾಗ ಗಲ್ಲಕ್ಕೆ ಹತ್ತಿರವಿರುವ ತಂತಿಯಿಂದ ನೆಲದ ಕಡೆಗಿರುವ ತಂತಿಯವರೆಗೆ ಕ್ರಮವಾಗಿ ಜಿ, ಸಿ, ಇ, ಎ ಎಂಬ ಸ್ವರಗಳಿರುತ್ತವೆ. ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದನ್ನು ಹರ್ಟ್ಜ್ ಎಂಬ ಮಾನದಿಂದ ಅಳೆದರೆ ಈ ನಾಲ್ಕು ತಂತಿಗಳ ಕಂಪನಸಂಖ್ಯೆ ಸುಮಾರು 392, 262, 330 ಮತ್ತು 440. ಮೊದಲನೆಯ ಸಂಖ್ಯೆ ಎರಡನೆಯದಕ್ಕಿಂತ ದೊಡ್ಡದಾಗಿರುವುದು ಗಮನಾರ್ಹ: ಗಿಟಾರಿನಲ್ಲಿ ಮೇಲಿನ ತಂತಿ ಅತಿ ಮಂದ್ರವಾಗಿದ್ದು ಮುಂದಿನವು ಒಂದೊಂದಾಗಿ ಏರುತ್ತ ಹೋದರೆ, ಉಕುಲೇಲೆಯಲ್ಲಿ ಮೇಲಿನ ತಂತಿಯೇ ತಾರವಾಗಿದ್ದು ಅದರ ಪಕ್ಕದ್ದು ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಕೊಡುತ್ತದೆ. ರೀಎಂಟ್ರಂಟ್ ಎಂದು ಕರೆಯಲಾಗುವ ಈ ಶ್ರುತಿಕ್ರಮ ಮೇಜರ್ ಸೆವೆಂತ್ ಕಾರ್ಡಿನ ರುಚಿಯ ಮೇಲೆ ಬೀರುವ ಪರಿಣಾಮವನ್ನು ಮುಂದೆ ನೋಡಬಹುದು.

ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳಿಗೆ ಫ್ರೆಟ್ ಎಂದು ಹೆಸರು. ವೀಣೆಯ ಮೆಟ್ಟುಗಳಲ್ಲಿರುವಂತೆ ಇಲ್ಲಿಯೂ ಒಂದು ಸ್ಥಾಯಿಗೆ ಹನ್ನೆರಡು ಫ್ರೆಟ್‌ಗಳಿದ್ದು, ಒಂದರಿಂದ ಮುಂದಿನದಕ್ಕೆ ಹೋದಾಗ ಸ್ವರ ಅರ್ಧ ಸ್ವರದಷ್ಟು, ಎಂದರೆ ಒಂದು ಸ್ವರಸ್ಥಾನದಷ್ಟು ಏರುತ್ತದೆ. ಕಾರ್ಡ್ ಹಿಡಿಯುವ ಕ್ರಮವನ್ನು ಜಿ, ಸಿ, ಇ, ಎ ತಂತಿಗಳ ಅನುಕ್ರಮದಲ್ಲಿ ನಾಲ್ಕು ಅಂಕಿಗಳಿಂದ ಸೂಚಿಸುವುದು ರೂಢಿ. ಸೊನ್ನೆ ಎಂದರೆ ಬೆರಳಿಡದೆ ಬಿಟ್ಟ ತಂತಿ, ಉಳಿದ ಅಂಕಿಗಳು ಒತ್ತಬೇಕಾದ ಫ್ರೆಟ್‌ನ ಸಂಖ್ಯೆ.

ಕಾಕಲಿ ನಿಷಾದದ ಕಾರ್ಡ್

ಒಂದು ಸ್ವರವನ್ನು ಆಧಾರವಾಗಿಟ್ಟುಕೊಂಡು ಅದರ ಮೇಜರ್ ಸ್ಕೇಲಿನ, ಎಂದರೆ ಕರ್ನಾಟಕ ಸಂಗೀತದ ಶಂಕರಾಭರಣ ಮೇಳಕ್ಕೆ ಸಮನಾದ ಸ್ವರಶ್ರೇಣಿಯ, ಒಂದನೆಯ, ಮೂರನೆಯ ಮತ್ತು ಐದನೆಯ ಸ್ವರಗಳನ್ನು ಕೂಡಿಸಿದರೆ ಮೇಜರ್ ಕಾರ್ಡ್ ದೊರೆಯುತ್ತದೆ. ಅದಕ್ಕೆ ಏಳನೆಯದನ್ನೂ ಸೇರಿಸಿದರೆ ಮೇಜರ್ ಸೆವೆಂತ್ ಆಗುತ್ತದೆ. ಆಧಾರಸ್ವರವನ್ನು ಷಡ್ಜವೆಂದು ಭಾವಿಸಿದರೆ ಈ ಕಾರ್ಡಿನಲ್ಲಿರುವುದು ಷಡ್ಜ, ಅಂತರ ಗಾಂಧಾರ, ಪಂಚಮ ಮತ್ತು ಕಾಕಲಿ ನಿಷಾದ. ಹಿಂದೂಸ್ತಾನಿ ಪರಿಭಾಷೆಯಲ್ಲಿ ಕೊನೆಯದು ಶುದ್ಧ ನಿಷಾದ. ಹಂಸಧ್ವನಿ ರಾಗದಲ್ಲಿ ಈ ನಾಲ್ಕರ ಜೊತೆಗೆ ಚತುಶ್ರುತಿ ರಿಷಭವೊಂದೇ ಇರುವುದರಿಂದ, ಆ ರಾಗವನ್ನು ಬಲ್ಲ ಕಿವಿಗೆ ಈ ಸ್ವರಗಳ ಪರಸ್ಪರ ಸಂಬಂಧ ಅಪರಿಚಿತವೇನಲ್ಲ. ಆದರೆ ರಾಗಸಂಗೀತದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ ಮತ್ತು ಷಡ್ಜ ತಂಬೂರಿಯಲ್ಲಿ ನೆಲೆನಿಂತಿರುತ್ತದೆ. ಕಾರ್ಡಿನಲ್ಲಿ ಅವು ಒಮ್ಮೆಗೇ ಮೊಳಗುತ್ತವೆ ಮತ್ತು ಕಾರ್ಡು ಬದಲಾದಂತೆಲ್ಲ ಆಧಾರಸ್ವರವೂ ಬದಲಾಗುತ್ತದೆ.

ಹೊಸಬರನ್ನು ಗೊಂದಲಕ್ಕೀಡುಮಾಡುವ ಸಂಗತಿಯೆಂದರೆ ಬರೀ 'ಸೆವೆಂತ್' ಎಂಬ ಇನ್ನೊಂದು ಕಾರ್ಡ್ ಇರುವುದು. ಅದರಲ್ಲಿ ಏಳನೆಯ ಸ್ವರ ಅರ್ಧ ಸ್ವರ ಕೆಳಗಿಳಿದು ಕೈಶಿಕಿ ನಿಷಾದವಾಗಿರುತ್ತದೆ. ಈ ಸೆವೆಂತ್ ಮುಂದಿನ ಕಾರ್ಡಿಗೆ ಹೋಗಲು ತವಕಿಸುವಂತೆ ಕೇಳಿಸಿದರೆ, ಮೇಜರ್ ಸೆವೆಂತ್ ಅಂಥ ಅವಸರವಿಲ್ಲದೆ, ತುಸು ವಿಷಾದ ಬೆರೆತ ನೆಮ್ಮದಿಯಿಂದ ಇದ್ದಲ್ಲೇ ನಿಲ್ಲಬಲ್ಲದು. ಈ ಮಿಶ್ರಭಾವಕ್ಕೆ ಕಾರಣ ಅದರ ರಚನೆಯಲ್ಲೇ ಇದೆ: ಸಿ ಮೇಜರ್ ಸೆವೆಂತ್‌ನ ಸಿ, ಇ, ಜಿ, ಬಿ ಎಂಬ ಸ್ವರಗಳಲ್ಲಿ ಮೊದಲ ಮೂರು ಸೇರಿದರೆ ಉಲ್ಲಾಸದ ಸಿ ಮೇಜರ್, ಕೊನೆಯ ಮೂರು ಸೇರಿದರೆ ಮ್ಲಾನವಾದ ಇ ಮೈನರ್. ಬರವಣಿಗೆಯಲ್ಲಿ ಈ ಕಾರ್ಡನ್ನು 'ಮೇಜ್' ಎಂಬ ಸಂಕ್ಷೇಪದಿಂದಲೋ, ದೊಡ್ಡ ಎಂ ಅಕ್ಷರದಿಂದಲೋ, ಪುಟ್ಟ ತ್ರಿಕೋನದಿಂದಲೋ ಗುರುತಿಸುತ್ತಾರೆ. ಈ ಯಾವ ಗುರುತೂ ಇಲ್ಲದೆ ಬರೀ ಏಳರ ಅಂಕಿಯಿದ್ದರೆ ಅದು ಕೈಶಿಕಿ ನಿಷಾದದ ಸೆವೆಂತ್ ಎಂದು ತಿಳಿಯಬೇಕು.

ಒಂದು ತಂತಿಯ ಮೇಲೆ ನಾಲ್ಕು ಕಾರ್ಡ್

ಉಕುಲೇಲೆಯಲ್ಲಿ ಬಹುತೇಕ ಎಲ್ಲರೂ ಮೊದಲು ಕಲಿಯುವ ಸಿ ಮೇಜರ್‌ನ ಹಿಡಿತ 0-0-0-3. ಜಿ, ಸಿ, ಇ ತಂತಿಗಳು ಬಿಟ್ಟಂತೆಯೇ ಇದ್ದು, ಎ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಉಂಗುರಬೆರಳು ಒತ್ತಿದಾಗ ಮೇಲಿನ ಸ್ಥಾಯಿಯ ಸಿ ಕೇಳಿಸುತ್ತದೆ. ಹೀಗೆ ಆಧಾರಸ್ವರ ಇಲ್ಲಿ ಎರಡು ಸಲ ಇರುವುದರಿಂದ ಒಂದನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಉಂಗುರಬೆರಳನ್ನೆತ್ತಿ ನಡುಬೆರಳನ್ನು ಎರಡನೆಯ ಫ್ರೆಟ್‌ನಲ್ಲಿಟ್ಟರೆ ಮೇಲಿನ ಸಿ ಅರ್ಧ ಸ್ವರ ಇಳಿದು ಬಿ ಆಗುತ್ತದೆ, 0-0-0-2 ಎಂಬ ಸಿ ಮೇಜರ್ ಸೆವೆಂತ್ ಸಿದ್ಧವಾಗುತ್ತದೆ. ತೋರುಬೆರಳಿನಿಂದ ಮೊದಲನೆಯ ಫ್ರೆಟ್ ಒತ್ತಿದರೆ 0-0-0-1 ಎಂಬ ಸಿ ಸೆವೆಂತ್. ಎಲ್ಲ ಬೆರಳುಗಳನ್ನೂ ತೆಗೆದರೆ ಸಿ ಸಿಕ್ಸ್ತ್ ಎಂದೂ ಎ ಮೈನರ್ ಸೆವೆಂತ್ ಎಂದೂ ಕರೆಯಬಹುದಾದ ಕಾರ್ಡ್. ಮೂರು, ಎರಡು, ಒಂದು, ಸೊನ್ನೆ ಎಂದು ಇಳಿಯುವ ಈ ಸಾಲನ್ನು ನಿಧಾನವಾಗಿ ಹಲವು ಸಲ ನುಡಿಸಿ ಕೇಳುವುದು ಬೇರಾವ ವಿವರಣೆಗಿಂತಲೂ ಹೆಚ್ಚನ್ನು ತಿಳಿಸುತ್ತದೆ, ಏಕೆಂದರೆ ಉಳಿದ ಮೂರು ತಂತಿಗಳು ಅಲುಗದೆ ಒಂದೇ ಸ್ವರ ಚಲಿಸುವಾಗ ಕಾರ್ಡಿನ ಭಾವ ಹೇಗೆ ಬದಲಾಗುತ್ತದೆಂಬುದು ಕಿವಿಗೆ ಸ್ಪಷ್ಟವಾಗುತ್ತದೆ.

ಜಾರ್ಜ್ ಹ್ಯಾರಿಸನ್ ರಚಿಸಿ ಬೀಟಲ್ಸ್ ತಂಡ 1969ರಲ್ಲಿ ಹೊರತಂದ 'ಸಮ್‌ಥಿಂಗ್' ಗೀತೆಯ ಸಾಹಿತ್ಯ ಆರಂಭವಾಗುವುದು ಇದೇ ಇಳಿಜಾರಿನ ಮೇಲೆ: ಸಿ ಮೇಜರ್, ಸಿ ಮೇಜರ್ ಸೆವೆಂತ್, ಸಿ ಸೆವೆಂತ್, ಅಲ್ಲಿಂದ ಎಫ್. ಹ್ಯಾರಿಸನ್ ಉಕುಲೇಲೆಯ ದೊಡ್ಡ ಅಭಿಮಾನಿಯಾಗಿದ್ದುದರಿಂದ, ಅವರ ಮೊದಲ ಪುಣ್ಯತಿಥಿಯಂದು, 2002ರ ನವೆಂಬರ್ 29ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸ್ಮರಣ ಕಛೇರಿಯಲ್ಲಿ ಪಾಲ್ ಮೆಕಾರ್ಟ್ನಿ ಈ ಹಾಡನ್ನು ಉಕುಲೇಲೆ ನುಡಿಸುತ್ತಲೇ ಆರಂಭಿಸಿದರು.

ಇಮ್ಮಡಿಯಾದ ಸ್ವರವನ್ನು ಹುಡುಕುವುದು

ಸಿ ಮೇಜರ್‌ನಲ್ಲಿ ಕಂಡ ಸೂತ್ರ ಇತರ ಕಡೆಗಳಲ್ಲೂ ಅನ್ವಯಿಸುತ್ತದೆ. ಎ ಮೇಜರ್‌ನ ಹಿಡಿತ 2-1-0-0; ಇದರಲ್ಲಿ ಜಿ ತಂತಿಯ ಎರಡನೆಯ ಫ್ರೆಟ್‌ನಲ್ಲಿ ಒಂದು ಎ, ಬಿಟ್ಟ ಎ ತಂತಿಯಲ್ಲಿ ಇನ್ನೊಂದು ಎ ಇದೆ. ಮೊದಲನೆಯದನ್ನು ಒಂದು ಫ್ರೆಟ್ ಕೆಳಗಿಳಿಸಿದರೆ 1-1-0-0 ಎಂಬ ಎ ಮೇಜರ್ ಸೆವೆಂತ್ ದೊರೆಯುತ್ತದೆ. ಜಿ ಮೇಜರ್‌ನ 0-2-3-2 ಹಿಡಿತದಲ್ಲಿ ಬಿಟ್ಟ ಜಿ ತಂತಿಯಲ್ಲೂ ಇ ತಂತಿಯ ಮೂರನೆಯ ಫ್ರೆಟ್‌ನಲ್ಲೂ ಜಿ ಇರುವುದರಿಂದ, ಇ ತಂತಿಯ ಬೆರಳು ಒಂದು ಫ್ರೆಟ್ ಹಿಂದೆ ಸರಿದರೆ 0-2-2-2 ಎಂಬ ಜಿ ಮೇಜರ್ ಸೆವೆಂತ್ ಆಗುತ್ತದೆ. ಒಂದೇ ಫ್ರೆಟ್‌ನಲ್ಲಿ ಮೂರು ಬೆರಳುಗಳಿಗೆ ಜಾಗ ಸಾಲದಿದ್ದರೆ ತೋರುಬೆರಳನ್ನು ಮೂರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಬಹುದು, ಈ ವಿಧಾನಕ್ಕೆ ಬಾರ್ ಹಿಡಿತ ಎನ್ನುತ್ತಾರೆ. ಕಲಿಯುವವರಿಗೆ ಕಷ್ಟವೆನಿಸುವ ಬಿ ಫ್ಲ್ಯಾಟ್ ಮೇಜರ್‌ನ 3-2-1-1 ಹಿಡಿತವಂತೂ ಎ ತಂತಿಯನ್ನು ಬಿಡುಗಡೆ ಮಾಡಿದ ಕೂಡಲೇ 3-2-1-0 ಎಂಬ ಹೆಚ್ಚು ಸುಲಭವಾದ ಮೇಜರ್ ಸೆವೆಂತ್ ಆಗಿ ಮಾರ್ಪಡುತ್ತದೆ.

ಆಧಾರಸ್ವರ ಇಮ್ಮಡಿಯಾಗದ ಕಾರ್ಡ್‌ಗಳಲ್ಲಿ ಇದೇ ಉಪಾಯವನ್ನು ಕುರುಡಾಗಿ ಬಳಸಿದರೆ ಕೆಡುಕಾಗುತ್ತದೆ. ಎಫ್ ಮೇಜರ್‌ನ 2-0-1-0 ಹಿಡಿತದಲ್ಲಿರುವುದು ಎ, ಸಿ, ಎಫ್, ಎ. ಆಧಾರವಾದ ಎಫ್ ಇ ತಂತಿಯಲ್ಲಿ ಒಂದೇ ಕಡೆ ಇದೆ. ಅದನ್ನೇ ಅರ್ಧ ಸ್ವರ ಇಳಿಸಿದರೆ 2-0-0-0 ಆಗುತ್ತದೆಯಾದರೂ ಆಧಾರಸ್ವರ ಮಾಯವಾಗಿ, ಎಲ್ಲರಿಗೂ ಗೊತ್ತಿರುವ ಎ ಮೈನರ್ ಕಾರ್ಡ್ ಉಳಿಯುತ್ತದೆ. ಹಿಂದೆ ಹೇಳಿದ ಎರಡು ಕಾರ್ಡ್‌ಗಳ ಬೆರಕೆಯ ಮಾತಿಗೆ ಇದೇ ಸಾಕ್ಷಿ: ಎಫ್ ಮೇಜರ್ ಸೆವೆಂತ್‌ನಿಂದ ಎಫ್ ಸ್ವರವನ್ನು ಕಳೆದರೆ ಮಿಗುವುದು ಎ ಮೈನರ್ ಮಾತ್ರ. ಇಲ್ಲಿ ಇಮ್ಮಡಿಯಾಗಿರುವುದು ಎ ಆದುದರಿಂದ ಹಿಡಿತವನ್ನೇ ಬದಲಿಸಿ 2-4-1-3 ಎಂದು ನಾಲ್ಕೂ ಬೆರಳುಗಳನ್ನು ಬಳಸಬೇಕು, ಇಲ್ಲವೇ ಜಿ ಮತ್ತು ಸಿ ತಂತಿಗಳ ಐದನೆಯ ಫ್ರೆಟ್ ಒತ್ತಿ ಉಳಿದೆರಡನ್ನು ಬಿಡುವ 5-5-0-0 ಎಂಬ ಸುಲಭ ದಾರಿಯನ್ನು ಹಿಡಿಯಬೇಕು.

ಡಿ ಮೇಜರ್‌ನ 2-2-2-0 ಹಿಡಿತದಲ್ಲಿ ಇಮ್ಮಡಿಯಾಗಿರುವುದು ಐದನೆಯ ಸ್ವರವಾದ ಎ. ಇಲ್ಲಿ ಇಳಿಸುವ ಬದಲು ಏರಿಸಬೇಕು: ಬಿಟ್ಟ ಎ ತಂತಿಯನ್ನು ನಾಲ್ಕನೆಯ ಫ್ರೆಟ್‌ನಲ್ಲಿ ಒತ್ತಿದರೆ ಬೇಕಾದ ಸಿ ಶಾರ್ಪ್ ದೊರೆತು 2-2-2-4 ಎಂಬ ಡಿ ಮೇಜರ್ ಸೆವೆಂತ್ ಆಗುತ್ತದೆ. ಈ ಆಕಾರವನ್ನು ಸೂಕ್ಷ್ಮವಾಗಿ ನೋಡಿದರೆ ಅದು ಸಿ ಮೇಜರ್ ಸೆವೆಂತ್‌ನ 0-0-0-2 ಎರಡು ಫ್ರೆಟ್ ಮೇಲೇರಿದ ರೂಪವೇ ಎಂಬುದು ತಿಳಿಯುತ್ತದೆ. ತೋರುಬೆರಳಿನ ಬಾರ್ ಮತ್ತು ಅದಕ್ಕಿಂತ ಎರಡು ಫ್ರೆಟ್ ಮುಂದೆ ಎ ತಂತಿಯ ಮೇಲೆ ಕಿರುಬೆರಳು ಅಥವಾ ಉಂಗುರಬೆರಳು ಇರುವ ಈ ಆಕಾರವನ್ನು ಕತ್ತಿನ ಉದ್ದಕ್ಕೂ ಸರಿಸುತ್ತ ಹೋದರೆ ಯಾವ ಆಧಾರಸ್ವರದ ಮೇಜರ್ ಸೆವೆಂತ್ ಬೇಕಾದರೂ ಸಿಗುತ್ತದೆ.

ನೆರೆಹೊರೆಯ ಸ್ವರಗಳ ಘರ್ಷಣೆ

ಎಲ್ಲ ಮೇಜರ್ ಸೆವೆಂತ್‌ಗಳೂ ಒಂದೇ ಬಗೆಯ ಸ್ವರಸಂಬಂಧದಿಂದ ಆದವುಗಳಾದರೂ ಉಕುಲೇಲೆಯಲ್ಲಿ ಅವು ಒಂದೇ ಸಮನಾಗಿ ಕೇಳಿಸುವುದಿಲ್ಲ. ಏಳನೆಯ ಸ್ವರಕ್ಕೂ ಅದರ ಮೇಲಿನ ಆಧಾರಸ್ವರಕ್ಕೂ ಇರುವ ಅಂತರ ಕೇವಲ ಅರ್ಧ ಸ್ವರ. ಇವೆರಡೂ ಪಕ್ಕಪಕ್ಕದಲ್ಲೇ ಮೊಳಗಿದರೆ ಅವುಗಳ ಕಂಪನಗಳು ಪರಸ್ಪರ ಘರ್ಷಿಸಿ ನಾದಕ್ಕೆ ಒಂದು ಬಗೆಯ ಒರಟುತನ ಬರುತ್ತದೆ; ನಡುವೆ ಉಳಿದ ಸ್ವರಗಳು ಬಂದು ಇವು ದೂರವಾದರೆ ಒರಟುತನ ಕರಗಿ ಹೊಳಪು ಉಳಿಯುತ್ತದೆ. 0-0-0-2ರಲ್ಲಿ ಸಿ ಸುಮಾರು 262 ಹರ್ಟ್ಜ್‌ನಲ್ಲಿಯೂ ಬಿ 494ರಲ್ಲಿಯೂ ಇದ್ದು, ಆಧಾರವೇ ಎಲ್ಲಕ್ಕಿಂತ ಕೆಳಗಿನ ಸ್ವರವಾಗಿರುವುದರಿಂದ ಕಾರ್ಡು ವಿಶಾಲವಾಗಿ, ನೆಲೆನಿಂತಂತೆ ಕೇಳಿಸುತ್ತದೆ. 1-1-0-0ರಲ್ಲಿ ತಾರವಾದ ಜಿ ತಂತಿ ಕೊಡುವ ಜಿ ಶಾರ್ಪ್ 415ರಲ್ಲಿ, ಬಿಟ್ಟ ಎ ತಂತಿ 440ರಲ್ಲಿ ಇದ್ದು, ಎರಡೂ ಒಂದನ್ನೊಂದು ಒರೆಸಿಕೊಂಡು ನಿಂತಿರುತ್ತವೆ. 0-2-2-2, 3-2-1-0, 2-4-1-3 ಹಿಡಿತಗಳಲ್ಲೂ ಇದೇ ಸಾಮೀಪ್ಯವಿದೆ.

ಬಿಟ್ಟ ತಂತಿಗಳ ವ್ಯಾಪ್ತಿ ಒಂದು ಸ್ಥಾಯಿಯನ್ನೂ ಮುಟ್ಟದಷ್ಟು ಕಿರಿದಾಗಿರುವ ವಾದ್ಯದಲ್ಲಿ ನಾಲ್ಕು ಸ್ವರಗಳು ಒತ್ತೊತ್ತಾಗಿ ಕೂರುವುದು ಅನಿವಾರ್ಯ. ಆದಕಾರಣ ಇಂಥ ಕಾರ್ಡನ್ನು ಮೊದಲು ನುಡಿಸಿದವರು ಬೆರಳು ತಪ್ಪಿತೆಂದೋ ಶ್ರುತಿ ಕೆಟ್ಟಿತೆಂದೋ ಸಂದೇಹಪಡುವುದು ಸಹಜ. ತಂತಿಗಳನ್ನು ಒಟ್ಟಿಗೆ ಬಾರಿಸುವ ಬದಲು ಒಂದೊಂದಾಗಿ ಮೀಟಿ ಕೇಳಿದರೆ ನಾಲ್ಕೂ ಸರಿಯಾಗಿವೆ ಎಂಬುದು ಖಚಿತವಾಗುತ್ತದೆ ಮತ್ತು ಹಾಗೆ ಬಿಡಿಸಿ ನುಡಿಸಿದಾಗ ಘರ್ಷಣೆಯೂ ಮೃದುವಾಗುತ್ತದೆ. ಕೆಲವರು ಜಿ ತಂತಿಯನ್ನು ದಪ್ಪನೆಯದಕ್ಕೆ ಬದಲಿಸಿ ಒಂದು ಸ್ಥಾಯಿ ಕೆಳಗೆ, 196 ಹರ್ಟ್ಜ್‌ಗೆ, ಶ್ರುತಿ ಮಾಡುತ್ತಾರೆ. ಲೋ ಜಿ ಎಂಬ ಆ ಕ್ರಮದಲ್ಲಿ 0-2-2-2ರ ಆಧಾರಸ್ವರ ಎಲ್ಲಕ್ಕಿಂತ ಕೆಳಗಿಳಿಯುವುದರಿಂದ ಜಿ ಮೇಜರ್ ಸೆವೆಂತ್ ಕೂಡ ಸಿ ಯದ್ದರಷ್ಟೇ ವಿಶಾಲವಾಗುತ್ತದೆ.

ಕೈಗೆ ಕೂರಿಸುವ ಬಗೆ

ಎಡಗೈಯ ಹೆಬ್ಬೆರಳು ಕತ್ತಿನ ಹಿಂಬದಿಯಲ್ಲಿ ಸಡಿಲವಾಗಿ ಆತುಕೊಂಡಿರಬೇಕು. ಉಗುರು ಕತ್ತರಿಸಿದ ಬೆರಳತುದಿ ತಂತಿಯ ಮೇಲೆ ನೇರವಾಗಿ, ಫ್ರೆಟ್ ಪಟ್ಟಿಯ ಮೇಲೇರದೆ ಅದರ ಹಿಂದಕ್ಕೇ ಹತ್ತಿಕೊಂಡಂತೆ ಬೀಳಬೇಕು. ಪಟ್ಟಿಯಿಂದ ದೂರ ಒತ್ತಿದರೆ ತಂತಿ ಗರಗರ ಎನ್ನುತ್ತದೆ, ಬೆರಳು ವಾಲಿದರೆ ಪಕ್ಕದ ತಂತಿ ಮೂಕವಾಗುತ್ತದೆ. 0-0-0-2ರಲ್ಲಿ ನಡುಬೆರಳು ಪಕ್ಕದ ಇ ತಂತಿಗೆ ತಾಗಿದರೆ ಕಾರ್ಡಿನ ಗಾಂಧಾರವೇ ಅಡಗಿಹೋಗಿ ಅದು ಮೇಜರ್ ಎಂಬ ಗುರುತೇ ಉಳಿಯುವುದಿಲ್ಲ. ನೈಲಾನ್ ತಂತಿಗೆ ಹೆಚ್ಚು ಬಲ ಬೇಕಿಲ್ಲ; ಅತಿಯಾಗಿ ಒತ್ತಿದರೆ ಸ್ವರ ಮೇಲಕ್ಕೆಳೆದು, ಅರ್ಧ ಸ್ವರದ ಅಂತರವನ್ನೇ ನೆಚ್ಚಿಕೊಂಡಿರುವ ಈ ಕಾರ್ಡ್‌ನಲ್ಲಿ ಆ ದೋಷ ಬೇಗನೆ ಎದ್ದು ಕಾಣುತ್ತದೆ. ಹೊಸ ತಂತಿಗಳು ಹಿಗ್ಗುತ್ತಲೇ ಇರುವುದರಿಂದ ಪ್ರತಿಸಲ ಶ್ರುತಿ ನೋಡಿಕೊಂಡೇ ಅಭ್ಯಾಸಕ್ಕೆ ತೊಡಗುವುದು ಒಳ್ಳೆಯದು.

ಹಿಡಿತಗಳು ಬಿಡಿಬಿಡಿಯಾಗಿ ಬಂದ ಮೇಲೆ ಅವನ್ನು ಸಾಲಾಗಿ ಜೋಡಿಸಬೇಕು. ಸಿ ಮೇಜರ್ ಸೆವೆಂತ್ 0-0-0-2, ಎ ಮೈನರ್ ಸೆವೆಂತ್ 0-0-0-0, ಡಿ ಮೈನರ್ ಸೆವೆಂತ್ 2-2-1-3, ಜಿ ಸೆವೆಂತ್ 0-2-1-2 ಎಂಬ ನಾಲ್ಕನ್ನು ನಾಲ್ಕು ಎಣಿಕೆಯ ತಾಳದಲ್ಲಿ ಸುತ್ತುತ್ತ ಹೋದರೆ, ಜಾಜ್ ಸಂಗೀತದಲ್ಲಿ ಮತ್ತೆಮತ್ತೆ ಬರುವ ನಡೆಯೊಂದು ಕೈಗೆ ಹತ್ತುತ್ತದೆ. ಇನ್ನೊಂದು ಸೊಗಸಾದ ಅಭ್ಯಾಸ ಫ್ರೆಂಚ್ ಸಂಗೀತಕಾರ ಎರಿಕ್ ಸಾಟಿಯಿಂದ ದೊರೆಯುತ್ತದೆ. 1888ರಲ್ಲಿ ಆತ ಪಿಯಾನೊಗಾಗಿ ರಚಿಸಿದ ಮೊದಲ 'ಜಿಮ್ನೊಪೆಡಿ' ಮೂರು ಎಣಿಕೆಯ ವಿಲಂಬ ಗತಿಯಲ್ಲಿ ಜಿ ಮೇಜರ್ ಸೆವೆಂತ್ ಮತ್ತು ಡಿ ಮೇಜರ್ ಸೆವೆಂತ್‌ಗಳ ನಡುವೆ ತೂಗಾಡುತ್ತ ಆರಂಭವಾಗುತ್ತದೆ. ಉಕುಲೇಲೆಯಲ್ಲಿ ಇವೆರಡೂ ಎರಡನೆಯ ಫ್ರೆಟ್‌ನ ಬಾರ್ ಹಿಡಿತದಲ್ಲೇ ಅಡಗಿವೆ: ತೋರುಬೆರಳು ಕೆಳಗಿನ ಮೂರು ತಂತಿಗಳ ಮೇಲಿದ್ದಾಗ 0-2-2-2, ಅದೇ ಬೆರಳು ಜಿ ತಂತಿಯವರೆಗೂ ಚಾಚಿ ಕಿರುಬೆರಳು ಎ ತಂತಿಯ ನಾಲ್ಕನೆಯ ಫ್ರೆಟ್‌ಗೆ ಇಳಿದಾಗ 2-2-2-4. ಒತ್ತೊತ್ತಾದ ಮೇಜರ್ ಸೆವೆಂತ್ ಮತ್ತು ವಿಶಾಲವಾದ ಮೇಜರ್ ಸೆವೆಂತ್‌ಗಳ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಹಾಡಿನ ನಡೆಯಲ್ಲಿ ಈ ಕಾರ್ಡಿಗೆ ಎರಡು ಪಾತ್ರಗಳಿವೆ. 'ಸಮ್‌ಥಿಂಗ್'ನಲ್ಲಿ ಅದು ದಾರಿಯ ನಡುವಣ ಮೆಟ್ಟಿಲು. ಬ್ರೆಜಿಲಿನ ಬೊಸಾ ನೋವಾ ಸಂಗೀತದಲ್ಲಿ, ಮುಖ್ಯವಾಗಿ ಆಂಟೋನಿಯೊ ಕಾರ್ಲೋಸ್ ಜೋಬಿಮ್ ಅವರ 1962ರ 'ದ ಗರ್ಲ್ ಫ್ರಮ್ ಇಪನೇಮಾ'ದಂಥ ಗೀತೆಗಳಲ್ಲಿ, ಅದೇ ಹಾಡಿನ ಆಧಾರಕಾರ್ಡಾಗಿ ಆರಂಭದಲ್ಲೇ ಬಂದು ನೆಲೆಸುತ್ತದೆ. ಆದರೆ ಎಲ್ಲ ಮೇಜರ್ ಕಾರ್ಡ್‌ಗಳ ಸ್ಥಾನದಲ್ಲೂ ಇದನ್ನು ಹಾಕಲಾಗದು: ಹಾಡುವ ಸ್ವರ ಷಡ್ಜದ ಮೇಲೆಯೇ ನಿಂತಿರುವಾಗ ಕಾರ್ಡಿನ ನಿಷಾದ ಅದಕ್ಕೆ ಅರ್ಧ ಸ್ವರದ ಅಂತರದಲ್ಲಿ ಎದುರಾಗಿ ಹಾಡನ್ನು ಕದಡಬಹುದಾದ್ದರಿಂದ, ಅಂಥ ಕಡೆ ಸರಳ ಮೇಜರ್ ಕಾರ್ಡೇ ಲೇಸು.

ಕಲಿತದ್ದು ನಿಜವಾಗಿ ಕೈವಶವಾಗಿದೆಯೇ ಎಂದು ಪರೀಕ್ಷಿಸಲು ಇಲ್ಲಿಯವರೆಗೆ ಹೇಳದ ಇ ಫ್ಲ್ಯಾಟ್ ಕಾರ್ಡನ್ನು ತೆಗೆದುಕೊಳ್ಳಬಹುದು. ಅದರ ಮೇಜರ್ ಹಿಡಿತ 0-3-3-1, ಸ್ವರಗಳು ಜಿ, ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್. ಇಲ್ಲಿ ಇಮ್ಮಡಿಯಾಗಿರುವುದು ಮೂರನೆಯ ಸ್ವರ, ಆಧಾರಸ್ವರವಿರುವುದು ಒಂದೇ ಕಡೆ. ಆದ್ದರಿಂದ ಆಧಾರವನ್ನು ಇಳಿಸುವ ಉಪಾಯ ಇಲ್ಲಿ ನಡೆಯದು. ಸರಿಯುವ ಆಕಾರವನ್ನು ಸಿ ಯಿಂದ ಮೂರು ಫ್ರೆಟ್ ಮೇಲಕ್ಕೆ ಒಯ್ದರೆ 3-3-3-5 ದೊರೆಯುತ್ತದೆ, ಅದರ ಸ್ವರಗಳು ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಜಿ ಮತ್ತು ಡಿ. ನಕ್ಷೆಯ ಪುಸ್ತಕ ತೆರೆಯದೆ ಈ ಉತ್ತರವನ್ನು ತಲುಪಬಲ್ಲ ವಿದ್ಯಾರ್ಥಿಗೆ ಉಳಿದ ಮೇಜರ್ ಸೆವೆಂತ್‌ಗಳನ್ನು ಬೇರೆಯಾಗಿ ಹೇಳಿಕೊಡಬೇಕಾದ ಅಗತ್ಯವಿರುವುದಿಲ್ಲ.